ಪಟ್ಟಿ ಸಿದ್ಧವಿದೆ, ಜೊತೆಗೆ ನಿಲ್ಲುವವರು ಯಾರು?

ಮಕ್ಕಳಿಗೆ ಗಣಿತ, ವಿಜ್ಞಾನದ ಜೊತೆಗೆ ಬದುಕುವ ರೀತಿಯನ್ನೂ ಶಾಲೆ ಕಲಿಸಬೇಕು ಎಂಬ ಮಾತಿಗೆ ಇವತ್ತು ಎದುರಾಡುವವರು ಕಡಿಮೆ. ಬೆಂಗಳೂರಿನ ಖಾಸಗಿ ಶಾಲೆಗಳ ಜಾಹೀರಾತಿನಲ್ಲಿ ಈ ಮಾತಿದೆ, ಹಳ್ಳಿಯ ಪ್ರೌಢಶಾಲೆಗೆ ಬರುವ ಇಲಾಖೆಯ ಸುತ್ತೋಲೆಯಲ್ಲಿದೆ, ಬೇಸಿಗೆ ರಜೆ ಬಂತೆಂದರೆ ಊರಿಗೆ ನಾಲ್ಕರಂತೆ ಏಳುವ ವ್ಯಕ್ತಿತ್ವ ವಿಕಸನ ಶಿಬಿರಗಳ ಬ್ಯಾನರಿನಲ್ಲೂ ಇದೆ. ಕ್ಯಾಲಿಫೋರ್ನಿಯಾದ ಶಾಲೆಗಳು ಇದನ್ನೇ ಸಾಮಾಜಿಕ–ಭಾವನಾತ್ಮಕ ಕಲಿಕೆ ಎನ್ನುತ್ತವೆ. ಹೆಸರು ಯಾವುದಾದರೂ ಇರಲಿ, ಬಯಕೆ ಒಂದೇ: ಮಗು ಧೈರ್ಯವಾಗಿ ಮಾತಾಡಬೇಕು, ಸಿಟ್ಟನ್ನು ಹಿಡಿತದಲ್ಲಿಡಬೇಕು, ಗೆಳೆಯರು ಎಳೆದತ್ತ ಹೋಗಬಾರದು, ಸೋತಾಗ ಕುಸಿಯಬಾರದು.

ಬಯಕೆ ಒಂದೇ ಆದರೂ ಫಲ ಒಂದೇ ತೆರನಾಗಿಲ್ಲ. ಕೆಲವು ಕಾರ್ಯಕ್ರಮಗಳು ಓದು ಬಿಡಲಿದ್ದ ಮಕ್ಕಳನ್ನು ಶಾಲೆಯಲ್ಲೇ ಉಳಿಸಿವೆ. ಇನ್ನು ಕೆಲವು ಕೋಟಿಗಟ್ಟಲೆ ಖರ್ಚಾದರೂ ಎದ್ದು ಕಾಣುವ ವ್ಯತ್ಯಾಸ ತಂದಿಲ್ಲ. ಮಕ್ಕಳ ಮನಸ್ಸನ್ನು ಮೊದಲಿಗಿಂತ ಸ್ವಲ್ಪ ಹೆಚ್ಚೇ ಕಲಕಿದ ಉದಾಹರಣೆಯೂ ಇದೆ. ಈ ವ್ಯತ್ಯಾಸ ಯಾಕೆ ಎಂಬುದು ಈ ಲೇಖನದ ಪ್ರಶ್ನೆ. ಅದನ್ನು ಪರಿಶೀಲಿಸಲು ರೆಡ್‌ವುಡ್ ಸಿಟಿ ಒಳ್ಳೆಯ ಜಾಗ. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸ್ಯಾನ್ ಹೋಸೆ ನಡುವೆ ಇರುವ ಈ ಊರಿನಿಂದ ಹೆಚ್ಚೆಂದರೆ ಒಂದು ಗಂಟೆ ಕಾರು ಓಡಿಸಿದರೆ ಸಾಕು, ಜೀವನ ಕೌಶಲ್ಯ ಶಿಕ್ಷಣದ ಅರ್ಧ ಶತಮಾನದ ಆಸೆ, ಅತಿಯಾಸೆ, ತಿದ್ದುಪಡಿ ಎಲ್ಲವೂ ನಡೆದ ಜಾಗಗಳು ಸಿಗುತ್ತವೆ.

ಒಂದೇ ಊರು, ಎರಡು ಬಾಲ್ಯ

ರೆಡ್‌ವುಡ್ ಸಿಟಿ ಸ್ಯಾನ್ ಮಟೇಯೊ ಕೌಂಟಿಯ ಆಡಳಿತ ಕೇಂದ್ರ. 2020ರ ಜನಗಣತಿಯಂತೆ ಜನಸಂಖ್ಯೆ 84 ಸಾವಿರ. 101ನೇ ಹೆದ್ದಾರಿಯ ಆಚೆ, ಕೊಲ್ಲಿಯ ಬದಿಗೆ ರೆಡ್‌ವುಡ್ ಶೋರ್ಸ್ ಬಡಾವಣೆಯಿದೆ. ಒರಾಕಲ್ ಕಂಪನಿಯ ಗಾಜಿನ ಗೋಪುರಗಳು ಇರುವುದು ಅಲ್ಲೇ. 2020ರ ಕೊನೆಯಲ್ಲಿ ಕಂಪನಿ ತನ್ನ ಕೇಂದ್ರ ಕಚೇರಿಯನ್ನು ಟೆಕ್ಸಸ್‌ಗೆ ಬದಲಾಯಿಸಿತು, ಗೋಪುರಗಳು ಉಳಿದವು. ಭಾರತದಿಂದ ಬಂದ ಸಾಫ್ಟ್‌ವೇರ್ ಕುಟುಂಬಗಳು ಹೆಚ್ಚಾಗಿ ಕಾಣಸಿಗುವುದೂ ಈ ಕಡೆಗೇ. ಹೆದ್ದಾರಿಯ ಈಚೆಗೆ ಹಳೆಯ ಪೇಟೆ, ಅದಕ್ಕೆ ತಾಗಿಕೊಂಡು ನಾರ್ತ್ ಫೇರ್ ಓಕ್ಸ್. ಮೆಕ್ಸಿಕೊದ ಮಿಚೊಅಕಾನ್ ರಾಜ್ಯದ ಆಗಿಲಿಯಾ ಎಂಬ ಊರಿನಿಂದ ದಶಕಗಳ ಕಾಲ ಜನ ವಲಸೆ ಬಂದು ನೆಲೆಸಿದ ಜಾಗ ಇದು. ಹೋಟೆಲು, ತೋಟ, ಕಟ್ಟಡ ಕೆಲಸಗಳಲ್ಲಿ ದುಡಿಯುವ ಮನೆಗಳು.

ಊರು ಒಂದೇ ಆದರೂ ಎಂಟನೇ ತರಗತಿವರೆಗಿನ ಸರ್ಕಾರಿ ಶಾಲೆಗಳು ಬೇರೆ ಬೇರೆ ಮಂಡಳಿಗಳ ಕೈಯಲ್ಲಿವೆ. ಪೇಟೆಯ ಕಡೆಯದು ರೆಡ್‌ವುಡ್ ಸಿಟಿ ಸ್ಕೂಲ್ ಡಿಸ್ಟ್ರಿಕ್ಟ್. ಶೋರ್ಸ್ ಕಡೆಯದು ಬಹುಮಟ್ಟಿಗೆ ಬೆಲ್ಮಾಂಟ್–ರೆಡ್‌ವುಡ್ ಶೋರ್ಸ್ ಡಿಸ್ಟ್ರಿಕ್ಟ್. ಆದ್ದರಿಂದ ಜೀವನ ಕೌಶಲ್ಯ ಎಂದಾಗ ಈ ಎರಡು ಕಡೆಯ ತಾಯಂದಿರ ಕಣ್ಣ ಮುಂದೆ ಬರುವ ಚಿತ್ರವೂ ಬೇರೆ. ಒಬ್ಬಳಿಗೆ ಮಗ ಗ್ಯಾಂಗಿನ ಹುಡುಗರ ಸಹವಾಸಕ್ಕೆ ಬೀಳದೆ ಹೈಸ್ಕೂಲು ಮುಗಿಸಿದರೆ ಸಾಕು. ಇನ್ನೊಬ್ಬಳಿಗೆ ಮಗಳು ಐದು ಕ್ಲಾಸುಗಳ ಒತ್ತಡದಲ್ಲಿ ನಿದ್ದೆಗೆಡದೆ ಒಳ್ಳೆಯ ಕಾಲೇಜು ಸೇರಿದರೆ ಸಾಕು. ಪೇಟೆಯ ಕಡೆ ಹೂವರ್, ಟಾಫ್ಟ್ ಮುಂತಾದ ಶಾಲೆಗಳು ಸಮುದಾಯ ಶಾಲೆಗಳಾಗಿ ಬೆಳೆದವು. ನಗರಸಭೆ, ಕೌಂಟಿ, ಶಾಲಾ ಮಂಡಳಿಗಳು ಸೇರಿ ಕಟ್ಟಿಕೊಂಡ ‘ರೆಡ್‌ವುಡ್ ಸಿಟಿ 2020’ ಕೂಟದ ಆಸರೆಯಲ್ಲಿ ಶಾಲೆಯ ಆವರಣದಲ್ಲೇ ಕುಟುಂಬ ನೆರವು ಕೇಂದ್ರ, ಆಪ್ತ ಸಮಾಲೋಚನೆ, ಸಂಜೆಯ ಚಟುವಟಿಕೆ ಒಟ್ಟಿಗೆ ಬಂದವು. ಬಾಡಿಗೆ ಕಟ್ಟಲಾಗದೆ ಮನೆ ಖಾಲಿ ಮಾಡುವ ಭಯದಲ್ಲಿರುವ ಹುಡುಗನಿಗೆ ಒತ್ತಡ ನಿಭಾಯಿಸುವ ಪಾಠ ಹೇಳುವ ಮೊದಲು ಅವನ ತಾಯಿಗೆ ಒಂದು ದಾರಿ ತೋರಿಸಬೇಕು ಎಂಬ ತಿಳಿವಳಿಕೆ ಈ ವ್ಯವಸ್ಥೆಯ ತಳದಲ್ಲಿದೆ.

ಹಾಜರಿಯಲ್ಲಿ ಮನಸ್ಸಿನ ಅಂಕ

ರೆಡ್‌ವುಡ್ ಸಿಟಿಯ ಉತ್ತರಕ್ಕೆ, ಅದೇ ಕೌಂಟಿಯ ಶ್ರೀಮಂತ ಊರು ಹಿಲ್ಸ್‌ಬರೊ. ಅಲ್ಲಿನ ನೂಯೇವಾ ಶಾಲೆಯನ್ನು ಕ್ಯಾರನ್ ಸ್ಟೋನ್ ಮೆಕೌನ್ 1967ರಲ್ಲಿ ಆರಂಭಿಸಿದರು. ಭಾವನೆಗಳನ್ನು ಗುರುತಿಸುವುದು, ಹೇಳಿಕೊಳ್ಳುವುದು, ಜಗಳ ಬಗೆಹರಿಸಿಕೊಳ್ಳುವುದು ಇವೆಲ್ಲ ಅಲ್ಲಿ ‘ಸೆಲ್ಫ್ ಸೈನ್ಸ್’ ಎಂಬ ಹೆಸರಿನ ಪಾಠವಾದವು. 1978ರಲ್ಲಿ ಅದರ ಪುಸ್ತಕವೂ ಬಂತು. ಡೇನಿಯಲ್ ಗೋಲ್ಮನ್ 1995ರಲ್ಲಿ ಪ್ರಕಟಿಸಿದ ‘ಇಮೋಷನಲ್ ಇಂಟೆಲಿಜೆನ್ಸ್’ ಈ ತರಗತಿಯನ್ನು ಜಗತ್ತಿಗೆ ಪರಿಚಯಿಸಿತು. ಆ ಪುಸ್ತಕದಲ್ಲಿ ಕಾಣುವ ಹಾಜರಿಯ ಕ್ರಮವೇ ಬೇರೆ. ಐದನೇ ತರಗತಿಯ ಮಕ್ಕಳು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ದುಂಡಗೆ ಕೂತಿದ್ದಾರೆ. ಟೀಚರ್ ಹೆಸರು ಕೂಗಿದಾಗ ಯಾರೂ ‘ಪ್ರೆಸೆಂಟ್’ ಎನ್ನುವುದಿಲ್ಲ, ಒಂದರಿಂದ ಹತ್ತರೊಳಗೆ ಒಂದು ಅಂಕಿ ಹೇಳುತ್ತಾರೆ. ಹತ್ತೆಂದರೆ ಮನಸ್ಸು ಉಲ್ಲಾಸದಲ್ಲಿದೆ, ಒಂದೆಂದರೆ ಕುಗ್ಗಿದೆ. ಕಡಿಮೆ ಅಂಕಿ ಹೇಳಿದವರು ಬೇಕೆನಿಸಿದರೆ ಕಾರಣವನ್ನೂ ಹೇಳಬಹುದು, ಬೇಡವಾದರೆ ಸುಮ್ಮನಿರಬಹುದು.

ನೋಡಲು ಇದು ಸಣ್ಣ ಉಪಾಯ. ನಮ್ಮ ಯಾವ ಶಾಲೆಯಲ್ಲಾದರೂ ನಾಳೆಯೇ ಮಾಡಬಹುದು. ಆದರೆ ಒಬ್ಬ ಹುಡುಗಿ ‘ಎರಡು’ ಎಂದರೆ ಆ ದಿನ ಅವಳ ಜೊತೆ ಕೂರಲು ಟೀಚರಿಗೆ ಹತ್ತು ನಿಮಿಷ ಇರಬೇಕು. ಹದಿನೈದು ಮಕ್ಕಳ ತರಗತಿಯಲ್ಲಿ ಅದು ಸಾಧ್ಯ; ಅರವತ್ತು ಮಕ್ಕಳ ತರಗತಿಯಲ್ಲಿ ಆ ಅಂಕಿ ಇನ್ನೊಂದು ರಿಜಿಸ್ಟರಿನ ಕಾಲಂ ಆಗಿ ಉಳಿಯುತ್ತದೆ.

ಇದೇ ಕೊಲ್ಲಿ ಪ್ರದೇಶ ಇನ್ನೊಂದು ದೊಡ್ಡ ಪ್ರಯೋಗವನ್ನೂ ಕಂಡಿತು. ಸ್ಯಾನ್ ಹೋಸೆಯಿಂದ ಆರಿಸಿಬಂದ ಶಾಸಕ ಜಾನ್ ವಾಸ್ಕೊನ್ಸೆಲೊಸ್ ಅವರ ಒತ್ತಾಯದಿಂದ 1986ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಆತ್ಮಗೌರವ ವೃದ್ಧಿಗಾಗಿಯೇ ಒಂದು ಕಾರ್ಯಪಡೆ ರಚಿಸಿತು. ಮಕ್ಕಳಲ್ಲಿ ತಮ್ಮ ಬಗ್ಗೆ ಒಳ್ಳೆಯ ಭಾವನೆ ಬೆಳೆಸಿದರೆ ಮಾದಕ ವ್ಯಸನ, ಅಪರಾಧ, ಹದಿಹರೆಯದ ಗರ್ಭಧಾರಣೆ, ಓದಿನಲ್ಲಿ ಹಿಂದುಳಿಯುವಿಕೆ ಎಲ್ಲವೂ ಇಳಿಯುತ್ತವೆ ಎಂಬುದು ನಂಬಿಕೆ. ವಿಶ್ವವಿದ್ಯಾಲಯದ ಪಂಡಿತರು ಇದ್ದ ಅಧ್ಯಯನಗಳನ್ನೆಲ್ಲ ತೂಗಿ 1989ರಲ್ಲಿ ಒಂದು ಸಂಪುಟ ತಂದರು. ನಿರೀಕ್ಷಿಸಿದ್ದ ಸಂಬಂಧ ಹೆಚ್ಚಿನ ಕಡೆ ದುರ್ಬಲ ಅಥವಾ ಇಲ್ಲವೇ ಇಲ್ಲ ಎಂಬುದು ಅದರ ಮುನ್ನುಡಿಯಲ್ಲೇ ಇತ್ತು. ಆದರೂ 1990ರ ಅಂತಿಮ ವರದಿ ಉತ್ಸಾಹದಿಂದಲೇ ಹೊರಬಂದು ದೇಶದ ಹಲವು ಶಾಲೆಗಳನ್ನು ತಲುಪಿತು. ‘ನೀನು ವಿಶೇಷ’ ಎಂಬ ಬ್ಯಾಡ್ಜು, ಸೋತವರಿಗೂ ಟ್ರೋಫಿ ಈ ಅಲೆಯ ಕಾಲದಲ್ಲೇ ಹಬ್ಬಿದವು. ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು 2003ರಲ್ಲಿ ಮತ್ತೆ ಎಲ್ಲವನ್ನೂ ಪರಿಶೀಲಿಸಿದರು. ಆತ್ಮಗೌರವ ಹೆಚ್ಚಿದ್ದರಿಂದ ಓದು ಸುಧಾರಿಸುವುದಕ್ಕಿಂತ, ಚೆನ್ನಾಗಿ ಓದಿದ್ದರಿಂದ ಆತ್ಮಗೌರವ ಹೆಚ್ಚುವ ಸಂಭವವೇ ಜಾಸ್ತಿ ಎಂಬ ಕಡೆಗೆ ಅವರ ವಾದ ವಾಲಿತು. ಹೊಗಳಿಕೆ ಹಂಚಿ ಧೈರ್ಯ ಬೆಳೆಸುವ ದಾರಿ ಅಲ್ಲಿಗೆ ಬಹುಮಟ್ಟಿಗೆ ಮುಚ್ಚಿತು.

ಹತ್ತು ಕೌಶಲ್ಯ, ಒಂದು ಪಿರಿಯಡ್

ಇನ್ನೊಂದು ದಾರಿ ಆರೋಗ್ಯ ಇಲಾಖೆಗಳ ಕಡೆಯಿಂದ ಬಂತು. ನ್ಯೂಯಾರ್ಕಿನಲ್ಲಿ ಗಿಲ್ಬರ್ಟ್ ಬಾಟ್ವಿನ್ 1970ರ ದಶಕದ ಕೊನೆಯಲ್ಲಿ ಹುಡುಗರನ್ನು ಸಿಗರೇಟಿನಿಂದ ದೂರವಿಡುವ ಕಾರ್ಯಕ್ರಮ ರೂಪಿಸಿದರು. ಶ್ವಾಸಕೋಶದ ಚಿತ್ರ ತೋರಿಸಿ ಹೆದರಿಸಿದರೆ ಹುಡುಗರು ಬಗ್ಗುವುದಿಲ್ಲ, ಗೆಳೆಯ ಸಿಗರೇಟು ಚಾಚಿದ ಆ ಕ್ಷಣದಲ್ಲಿ ಏನು ಹೇಳಬೇಕೆಂಬುದನ್ನು ಅಭ್ಯಾಸ ಮಾಡಿಸಬೇಕು ಎಂಬುದು ಅವರ ಪದ್ಧತಿಯ ಜೀವಾಳ. 1990ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ಕೌಶಲ್ಯಗಳ ಪಟ್ಟಿ ಕೊಟ್ಟಿತು: ನಿರ್ಧಾರ ತೆಗೆದುಕೊಳ್ಳುವುದು, ಸಮಸ್ಯೆ ಬಿಡಿಸುವುದು, ಸೃಜನಶೀಲ ಚಿಂತನೆ, ವಿಮರ್ಶಾತ್ಮಕ ಚಿಂತನೆ, ಪರಿಣಾಮಕಾರಿ ಸಂವಹನ, ಜನರೊಂದಿಗಿನ ಸಂಬಂಧ, ತನ್ನ ಅರಿವು, ಪರರ ನೋವಿನ ಅರಿವು, ಭಾವನೆಗಳ ನಿಭಾವಣೆ, ಒತ್ತಡದ ನಿಭಾವಣೆ. 1994ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕ್ಯಾಸೆಲ್ ಸಂಸ್ಥೆ ಇಂಥವೇ ಕೌಶಲ್ಯಗಳನ್ನು ಐದು ಗುಂಪಾಗಿ ಜೋಡಿಸಿತು. ಅಂದಿನಿಂದ ಪಟ್ಟಿಯ ವಿಷಯದಲ್ಲಿ ದೊಡ್ಡ ಜಗಳವೇನೂ ಇಲ್ಲ.

ಈ ಹತ್ತನ್ನು ಕರ್ನಾಟಕದ ತರಗತಿಗೆ ತಂದದ್ದು ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿನ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಹದಿಹರೆಯದವರಿಗಾಗಿ ಪಾಠಗಳನ್ನು ರೂಪಿಸಿ, ಹೈಸ್ಕೂಲಿನ ಮೇಷ್ಟ್ರು–ಮೇಡಮ್ಮುಗಳಿಗೇ ತರಬೇತಿ ಕೊಟ್ಟರು. ಇಲ್ಲಿ ಭಾಷಣವಿಲ್ಲ, ಗುಂಪು ಚರ್ಚೆ ಮತ್ತು ಪಾತ್ರಾಭಿನಯ ಇವೆ. ಇಂಥ ತರಗತಿ ಹೀಗೆ ನಡೆಯುತ್ತದೆ: ಇಬ್ಬರು ಹುಡುಗರು ಎದ್ದು ನಿಲ್ಲುತ್ತಾರೆ. ಒಬ್ಬ ಗುಟ್ಕಾ ಪೊಟ್ಟಣ ಚಾಚಿ ‘ತಗೊಳೋ, ಒಂದ್ಸಲ ಏನಾಗಲ್ಲ’ ಎನ್ನಬೇಕು, ಇನ್ನೊಬ್ಬ ಗೆಳೆತನ ಕೆಡದ ಹಾಗೆ ಬೇಡ ಎನ್ನಬೇಕು. ಮೊದಲ ಸಲ ಇಡೀ ತರಗತಿ ನಗುತ್ತದೆ. ಎರಡನೇ ಜೋಡಿ ಬರುವಷ್ಟರಲ್ಲಿ ನಗು ಇಳಿದು, ‘ಹಂಗಂದ್ರೆ ಅವನು ನಿನ್ನನ್ನ ಪುಕ್ಕಲ ಅಂತಾನೆ, ಆಗೇನು ಮಾಡ್ತೀಯ?’ ಎಂಬ ಪ್ರಶ್ನೆ ಹಿಂದಿನ ಬೆಂಚಿನಿಂದ ಬರುತ್ತದೆ. ಪಾಠ ಶುರುವಾಗುವುದು ಆ ಪ್ರಶ್ನೆಯಿಂದ.

2010ರಲ್ಲಿ ಪ್ರಕಟವಾದ ಅವರ ಅಧ್ಯಯನ, ಈ ಪಾಠ ಪಡೆದ ಎರಡು ಪ್ರೌಢಶಾಲೆಗಳ 605 ಮಕ್ಕಳನ್ನು ಪಡೆಯದ ಪಕ್ಕದ ಎರಡು ಶಾಲೆಗಳ 423 ಮಕ್ಕಳ ಜೊತೆ ಹೋಲಿಸಿತು. ಪಾಠ ಪಡೆದವರಲ್ಲಿ ಆತ್ಮಗೌರವ, ಕಷ್ಟ ನಿಭಾಯಿಸುವ ಶಕ್ತಿ, ಶಿಕ್ಷಕರೊಂದಿಗೆ ಹೊಂದಾಣಿಕೆ, ಇತರರಿಗೆ ನೆರವಾಗುವ ನಡವಳಿಕೆ ಇವು ಉತ್ತಮವಾಗಿದ್ದವು. ಮನೆಯಲ್ಲಿನ ಹೊಂದಾಣಿಕೆಯಲ್ಲಿ, ಓರಗೆಯವರ ಜೊತೆಗಿನ ಹೊಂದಾಣಿಕೆಯಲ್ಲಿ, ಮಾನಸಿಕ ತೊಂದರೆಗಳ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಶಾಲೆಯಲ್ಲಿ ಕಲಿಸಿದ್ದು ಶಾಲೆಯಲ್ಲಿ ಫಲಿಸಿತು, ಮನೆಯ ಹೊಸ್ತಿಲು ದಾಟಲಿಲ್ಲ. ಈ ಸಂಗತಿಗೆ ಮುಂದೆ ಮತ್ತೆ ಕೆಲಸವಿದೆ.

ದೇಶದ ಮಟ್ಟದಲ್ಲಿ ಈ ವಿಷಯ ಹಲವು ವೇಷ ತೊಟ್ಟಿದೆ. ಸಿಬಿಎಸ್‌ಇ 2009ರ ನಿರಂತರ ಮೌಲ್ಯಮಾಪನದಲ್ಲಿ ಜೀವನ ಕೌಶಲ್ಯಕ್ಕೆ ಗ್ರೇಡ್ ಕೊಡಲು ಹೊರಟಿತು. ಅನುಕಂಪಕ್ಕೆ ಎ, ಬಿ, ಸಿ ಬರೆಯುವ ಆ ಪದ್ಧತಿ 2017ರಲ್ಲಿ ನಿಂತಿತು. ದೆಹಲಿ ಸರ್ಕಾರ 2018ರಲ್ಲಿ ಎಂಟನೇ ತರಗತಿವರೆಗೆ ‘ಸಂತೋಷ ಪಠ್ಯಕ್ರಮ’ ತಂದಿತು. ಬೆಂಗಳೂರಿನಲ್ಲಿ 1999ರಲ್ಲಿ ಹುಟ್ಟಿದ ಡ್ರೀಮ್ ಎ ಡ್ರೀಮ್ ಸಂಸ್ಥೆ ಅದಕ್ಕೆ ಕೈಜೋಡಿಸಿತ್ತು. 2020ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳು. ಕರ್ನಾಟಕದ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್‌ಗಳಿವೆ. ಸಾಲುಸಾಲಾಗಿ ಯೋಜನೆಗಳಿವೆ. ಅವೆಲ್ಲ ಕೊನೆಗೆ ಬಂದು ನಿಲ್ಲುವುದು ಮಾತ್ರ ಅದೇ ಒಬ್ಬ ಮೇಷ್ಟ್ರ ಮೇಜಿನ ಮೇಲೆ.

ಅಳೆದು ನೋಡಿದಾಗ

ಇವು ಕೆಲಸ ಮಾಡುತ್ತವೆಯೇ? ಸರಾಸರಿಯ ಲೆಕ್ಕದಲ್ಲಿ ಉತ್ತರ ‘ಹೌದು, ಸ್ವಲ್ಪ ಮಟ್ಟಿಗೆ’. ಜೋಸೆಫ್ ಡರ್ಲಾಕ್ ತಂಡ 2011ರಲ್ಲಿ 213 ಕಾರ್ಯಕ್ರಮಗಳ, ಎರಡೂ ಮುಕ್ಕಾಲು ಲಕ್ಷದ ಹತ್ತಿರ ಮಕ್ಕಳ ಲೆಕ್ಕವನ್ನು ಒಟ್ಟುಗೂಡಿಸಿ ನಡವಳಿಕೆಯಲ್ಲೂ ಓದಿನಲ್ಲೂ ಸುಧಾರಣೆ ಕಂಡಿತು. 2023ರಲ್ಲಿ ಕ್ರಿಸ್ಟಿನಾ ಸಿಪ್ರಿಯಾನೊ ತಂಡ 53 ದೇಶಗಳ 424 ಅಧ್ಯಯನಗಳನ್ನು ನೋಡಿ ಅದೇ ದಿಕ್ಕಿನ ಮಾತು ಹೇಳಿತು. ಆದರೆ ಸರಾಸರಿಯ ಒಳಗೆ ಏರಿಳಿತ ದೊಡ್ಡದು, ಕಲಿಯಬೇಕಾದ್ದು ಇರುವುದೂ ಆ ಏರಿಳಿತದಲ್ಲೇ.

ಬ್ರಿಟನ್ನಿನ ಮಿರಿಯಡ್ ಪ್ರಯೋಗದಲ್ಲಿ 80ಕ್ಕೂ ಹೆಚ್ಚು ಶಾಲೆಗಳ, 8 ಸಾವಿರಕ್ಕೂ ಹೆಚ್ಚು ಮಕ್ಕಳು ಪಾಲ್ಗೊಂಡರು. ಅವುಗಳಲ್ಲಿ ಅರ್ಧದಷ್ಟು ಶಾಲೆಗಳ ಮಕ್ಕಳಿಗೆ ತರಬೇತಿ ಪಡೆದ ಶಿಕ್ಷಕರೇ ಧ್ಯಾನ ಮಾದರಿಯ ಪಾಠ ಮಾಡಿದರು. 2022ರ ಫಲಿತಾಂಶ: ಎಂದಿನ ಪಾಠಕ್ಕಿಂತ ಮಕ್ಕಳ ಮನಸ್ಸಿಗೆ ಹೆಚ್ಚಿನ ಪ್ರಯೋಜನವಿಲ್ಲ. ಆಸ್ಟ್ರೇಲಿಯಾದಲ್ಲಿ ಎಂಟು ವಾರ ನಡೆದ ‘ವೈಸ್ ಟೀನ್ಸ್’ ಕಾರ್ಯಕ್ರಮ ಪಡೆದ ಮಕ್ಕಳು ಪಡೆಯದವರಿಗಿಂತ ಕೊಂಚ ಹೆಚ್ಚೇ ಕಳವಳ ಹೇಳಿಕೊಂಡರು. ಚಿಕಿತ್ಸೆಗೆಂದು ರೂಪಿಸಿದ ಕ್ರಮವನ್ನು ಚೆನ್ನಾಗಿಯೇ ಇರುವ ಮಕ್ಕಳಿಗೂ ಒಟ್ಟಿಗೆ ಸುರಿದರೆ, ಇಲ್ಲದ ನೋವನ್ನೂ ಅವರು ಹುಡುಕಿಕೊಳ್ಳಬಹುದು ಎಂಬ ಎಚ್ಚರಿಕೆ ಅದರಲ್ಲಿದೆ.

ಬಿಹಾರದ ನಾಲಂದಾ ಜಿಲ್ಲೆಯ ‘ಸೆಹರ್’ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಸಚಿನ್ ಶಿಂದೆ, ವಿಕ್ರಮ್ ಪಟೇಲ್ ಮುಂತಾದವರು 2018ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ 70ಕ್ಕೂ ಹೆಚ್ಚು ಪ್ರೌಢಶಾಲೆಗಳಿದ್ದವು. ಕೆಲವು ಶಾಲೆಗಳಲ್ಲಿ ಕಾರ್ಯಕ್ರಮ ನಡೆಸಿದವರು ಅದಕ್ಕೆಂದೇ ನೇಮಕವಾದ ಸ್ಥಳೀಯ ಸಮಾಲೋಚಕರು. ಇವರಿಗೆ ಮನಶ್ಶಾಸ್ತ್ರದ ದೊಡ್ಡ ಪದವಿಯೇನೂ ಇರಲಿಲ್ಲ. ಇನ್ನು ಕೆಲವು ಶಾಲೆಗಳಲ್ಲಿ ಅದೇ ಕಾರ್ಯಕ್ರಮವನ್ನು ಶಿಕ್ಷಕರು ನಡೆಸಿದರು. ಸಮಾಲೋಚಕರಿದ್ದ ಕಡೆ ಶಾಲೆಯ ವಾತಾವರಣ ಸುಧಾರಿಸಿತು. ಖಿನ್ನತೆ, ಕೀಟಲೆ, ಹೊಡೆದಾಟ ಇಳಿದವು. ಶಿಕ್ಷಕರು ನಡೆಸಿದ ಕಡೆ ಎಂದಿನ ಶಾಲೆಗಿಂತ ವ್ಯತ್ಯಾಸ ಕಾಣಲಿಲ್ಲ. ಕಾರ್ಯಕ್ರಮ ಒಂದೇ, ನಡೆಸಿದವರು ಬೇರೆ. ಇದನ್ನು ಶಿಕ್ಷಕರ ಮೇಲಿನ ದೂರೆಂದು ಓದುವುದು ತಪ್ಪು. ನಿಮ್ಹಾನ್ಸ್ ಪ್ರಯೋಗದಲ್ಲಿ ಶಿಕ್ಷಕರೇ ಗೆದ್ದಿದ್ದರು. ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡಗಳ ನಡುವೆ ಇದೂ ಒಂದು ಎಂದು ಹೇರಿದರೆ ಒಳ್ಳೆಯ ಮೇಷ್ಟ್ರಿಗೂ ಅದು ಸಹಿ ಹಾಕಿ ಕಳಿಸುವ ಕೆಲಸವಾಗುತ್ತದೆ. ಜೊತೆಗೆ, ಬೆಳಿಗ್ಗೆ ಬೆತ್ತ ಹಿಡಿದವರ ಮುಂದೆ ಮಧ್ಯಾಹ್ನ ಮನಸ್ಸು ಬಿಚ್ಚಲು ಯಾವ ಹುಡುಗನಿಗೂ ಸುಲಭವಲ್ಲ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೇಂದ್ರ ಕಚೇರಿಯಿರುವ ರೂಮ್ ಟು ರೀಡ್ ಸಂಸ್ಥೆ ರಾಜಸ್ಥಾನದಲ್ಲಿ ನಡೆಸಿದ ಹೆಣ್ಣುಮಕ್ಕಳ ಜೀವನ ಕೌಶಲ್ಯ ಕಾರ್ಯಕ್ರಮದ್ದೂ ಇದೇ ಸಾಕ್ಷ್ಯ. ಎರಿಕ್ ಎಡ್ಮಂಡ್ಸ್ ಮತ್ತು ಸಂಗಡಿಗರ ಅಧ್ಯಯನದಂತೆ ಶಾಲೆ ಬಿಡುವವರ ಪ್ರಮಾಣ ಶೇ 25ರಷ್ಟು ಇಳಿಯಿತು. ಮನೆಯ ಆದಾಯ ಬದಲಾಗಿರಲಿಲ್ಲ. ಹುಡುಗಿಯರು ಉಳಿಯಲು ಮುಖ್ಯ ಕಾರಣವಾಗಿ ಕಂಡದ್ದು ಅವರಿಗೆ ಸಿಕ್ಕ ಭಾವನಾತ್ಮಕ ಆಸರೆ.

ರೆಡ್‌ವುಡ್ ಸಿಟಿಯ ದಕ್ಷಿಣಕ್ಕಿರುವ ಸ್ಟ್ಯಾನ್‌ಫರ್ಡ್‌ನ ಕ್ಯಾರಲ್ ಡ್ವೆಕ್ ಅವರ ‘ಬೆಳೆಯುವ ಮನೋಭಾವ’ದ ಕಥೆಯೂ ಹೀಗೆಯೇ ತಿರುಗುತ್ತದೆ. ಬುದ್ಧಿಶಕ್ತಿ ಹುಟ್ಟಿನಿಂದಲೇ ನಿಗದಿಯಾದದ್ದಲ್ಲ, ಪ್ರಯತ್ನದಿಂದ ಬೆಳೆಯುತ್ತದೆ ಎಂದು ಹೇಳುವ 25 ನಿಮಿಷಗಳ ಎರಡು ಆನ್‌ಲೈನ್ ಪಾಠಗಳನ್ನು ಸುಮಾರು 12 ಸಾವಿರ ಒಂಬತ್ತನೇ ತರಗತಿ ಮಕ್ಕಳಲ್ಲಿ ಪರೀಕ್ಷಿಸಿ ನೋಡಿದ ಅಧ್ಯಯನ 2019ರಲ್ಲಿ ‘ನೇಚರ್’ನಲ್ಲಿ ಬಂತು. ಹಿಂದುಳಿದ ಮಕ್ಕಳ ಅಂಕ ಸರಾಸರಿ 0.1 ಗ್ರೇಡ್ ಪಾಯಿಂಟ್‌ನಷ್ಟು ಏರಿತು. ಇಷ್ಟು ಅಗ್ಗದ ಉಪಾಯಕ್ಕೆ ಅದು ಕಡಿಮೆಯೇನಲ್ಲ. ಮುಂದಿನ ವಿಶ್ಲೇಷಣೆಯಲ್ಲಿ ಇನ್ನೊಂದು ಅಂಶ ಹೊರಬಿತ್ತು. ಗಣಿತದ ಟೀಚರಿಗೇ ಆ ನಂಬಿಕೆ ಇದ್ದ ತರಗತಿಗಳಲ್ಲಿ ಫಲ ಕಂಡಿತು, ಇಲ್ಲದ ಕಡೆ ಕಾಣಲಿಲ್ಲ.

ಮೆಂಟರ್ ಇದ್ದ ಶಾಲೆ, ಸಾಫ್ಟ್‌ವೇರ್ ಹೋದ ಶಾಲೆ

ಫಲ ನಿಲ್ಲುವುದು ಮಗುವಿನ ಜೊತೆಗಿರುವ ಮನುಷ್ಯರ ಮೇಲೆ ಎಂಬ ಮಾತಿಗೆ ರೆಡ್‌ವುಡ್ ಸಿಟಿಯೊಳಗೇ ದೊಡ್ಡ ಪುರಾವೆಯಿದೆ. 2003ರಲ್ಲಿ ಡಯಾನ್ ಟ್ಯಾವೆನರ್ ಇಲ್ಲಿ ಸಮಿಟ್ ಪ್ರೆಪ್ ಎಂಬ ಚಾರ್ಟರ್ ಹೈಸ್ಕೂಲು ಆರಂಭಿಸಿದರು. ಸರ್ಕಾರದ ಹಣ, ಸ್ವತಂತ್ರ ಆಡಳಿತ, ಲಾಟರಿಯಲ್ಲಿ ಪ್ರವೇಶ. 2010ರ ‘ವೇಟಿಂಗ್ ಫಾರ್ ಸೂಪರ್‌ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಈ ಶಾಲೆ ಕಾಣಿಸಿಕೊಂಡಿತು. ಇಲ್ಲಿ ಪ್ರತಿ ವಿದ್ಯಾರ್ಥಿಗೂ ಒಬ್ಬ ಮೆಂಟರ್. ವಾರಕ್ಕೊಮ್ಮೆ ಇಬ್ಬರೇ ಕೂತು ಮಾತು. ಈ ವಾರ ಏನು ಮಾಡಬೇಕೆಂದಿದ್ದೆ, ಏನಾಯಿತು, ಎಲ್ಲಿ ಎಡವಿದೆ, ಮುಂದಿನ ವಾರಕ್ಕೆ ಏನು. ಗುರಿ ಇಟ್ಟುಕೊಳ್ಳುವುದು, ಯೋಜಿಸುವುದು, ಹಿಂತಿರುಗಿ ನೋಡುವುದು ಎಂಬ ಅಭ್ಯಾಸಗಳು ಓದಿನ ಒಳಗೇ ಹೆಣೆದುಕೊಂಡವು.

ಆಮೇಲೆ ಫೇಸ್‌ಬುಕ್ ಎಂಜಿನಿಯರುಗಳ ನೆರವಿನಿಂದ ಈ ಕ್ರಮ ಒಂದು ಸಾಫ್ಟ್‌ವೇರ್ ಆಯಿತು. ಮಾರ್ಕ್ ಜುಕರ್‌ಬರ್ಗ್ ಮತ್ತು ಪ್ರಿಸಿಲ್ಲಾ ಚಾನ್ ಅವರ ಸಂಸ್ಥೆ ಹಣಕೊಟ್ಟಿತು. 2019ರ ಹೊತ್ತಿಗೆ ದೇಶದ 380ರಷ್ಟು ಶಾಲೆಗಳು ಅದನ್ನು ಉಚಿತವಾಗಿ ಬಳಸುತ್ತಿದ್ದವು. 2018ರ ನವೆಂಬರಿನಲ್ಲಿ ಬ್ರೂಕ್ಲಿನ್ನಿನ ಒಂದು ಶಾಲೆಯ ಮಕ್ಕಳು ತರಗತಿ ಬಿಟ್ಟು ಹೊರನಡೆದರು. ಕ್ಯಾನ್ಸಸ್ ರಾಜ್ಯದ ಸಣ್ಣ ಊರುಗಳಲ್ಲಿ ತಂದೆತಾಯಿಯರು ತಿರುಗಿಬಿದ್ದರು. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುತ್ತೇವೆ, ಟೀಚರ್ ಜೊತೆ ಮಾತೇ ಇಲ್ಲ ಎಂಬುದು ದೂರಿನ ಸಾರ. ಬ್ರೂಕ್ಲಿನ್ ಮಕ್ಕಳು ಹೇಳಿದಂತೆ ವಾರಕ್ಕೊಮ್ಮೆ ಸಿಗಬೇಕಿದ್ದ ಮೆಂಟರ್ ಸಮಯವೂ ಅವರಿಗೆ ಸಿಕ್ಕಿರಲಿಲ್ಲ. ಸಾಫ್ಟ್‌ವೇರ್ ಒಂದೇ ರಾತ್ರಿಯಲ್ಲಿ ದೇಶ ದಾಟುತ್ತದೆ. ಮಗುವಿನ ಹೆಸರು, ಅದರ ಮನೆಯ ಕಷ್ಟ, ಹೋದ ವಾರ ಅದು ಎಡವಿದ್ದು ಎಲ್ಲ ಗೊತ್ತಿರುವ ಮನುಷ್ಯರನ್ನು ಹಾಗೆ ರವಾನಿಸಲು ಬರುವುದಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಜೀವನ ಕೌಶಲ್ಯ ಕಲಿಸುತ್ತೇವೆ ಎಂದು ಕರ್ನಾಟಕದ ಶಾಲೆಗಳ ಬಾಗಿಲಿಗೆ ಬರುವ ಕಂಪನಿಗಳ ಮುಂದೆ ಈ ಅನುಭವವನ್ನು ಇಡಬೇಕು.

ಕಾನೂನು ಬರೆದುಕೊಟ್ಟದ್ದು

ಕ್ಯಾಲಿಫೋರ್ನಿಯಾದಲ್ಲಿ ಜೀವನ ಕೌಶಲ್ಯ ಎಂಬ ಪ್ರತ್ಯೇಕ ಕಡ್ಡಾಯ ವಿಷಯವಿಲ್ಲ. ಅದರ ತುಂಡುಗಳು ಬೇರೆ ಬೇರೆ ಕಾನೂನುಗಳಲ್ಲಿವೆ. 2016ರಿಂದ ಜಾರಿಯಲ್ಲಿರುವ ಹೆಲ್ದಿ ಯೂತ್ ಆ್ಯಕ್ಟ್ ಪ್ರಕಾರ ಲೈಂಗಿಕ ಆರೋಗ್ಯ ಶಿಕ್ಷಣವನ್ನು ಮಿಡ್ಲ್ ಸ್ಕೂಲಿನಲ್ಲಿ ಒಮ್ಮೆ, ಹೈಸ್ಕೂಲಿನಲ್ಲಿ ಒಮ್ಮೆಯಾದರೂ ಕೊಡಬೇಕು; ಬೇಡವೆನ್ನುವ ಪಾಲಕರು ಬರೆದುಕೊಟ್ಟು ಮಗುವನ್ನು ಹೊರಗಿಡಬಹುದು. 2024ರಲ್ಲಿ ಸಹಿಯಾದ ಇನ್ನೊಂದು ಕಾನೂನಿನಂತೆ ಹಣ ನಿರ್ವಹಣೆಯ ಒಂದು ಸೆಮಿಸ್ಟರ್ ಪಾಠವನ್ನು 2027–28ರೊಳಗೆ ಎಲ್ಲ ಸಾರ್ವಜನಿಕ ಹೈಸ್ಕೂಲುಗಳೂ ಒದಗಿಸಬೇಕು. 2030–31ರಲ್ಲಿ ಪದವಿ ಪಡೆಯುವ ತಂಡದಿಂದ ಅದು ಕಡ್ಡಾಯ.

ವಿರೋಧವೂ ಇದೆ. 2022ರಲ್ಲಿ ಫ್ಲಾರಿಡಾ ರಾಜ್ಯ ಗಣಿತದ ಹಲವು ಪುಸ್ತಕಗಳನ್ನು ತಿರಸ್ಕರಿಸುವಾಗ ಅವುಗಳಲ್ಲಿ ಸಾಮಾಜಿಕ–ಭಾವನಾತ್ಮಕ ಕಲಿಕೆ ನುಸುಳಿದೆ ಎಂಬುದನ್ನೂ ಕಾರಣವಾಗಿ ಕೊಟ್ಟಿತು. ನಮ್ಮಲ್ಲೂ 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಡೆಹಿಡಿದಿದ್ದವು. ಮನೆಯಲ್ಲಿ ಕಲಿಸಬೇಕಾದ್ದನ್ನು ಶಾಲೆ ಯಾಕೆ ಕಲಿಸಬೇಕು ಎಂಬುದು ಎರಡೂ ಕಡೆಯ ಪ್ರಶ್ನೆ. ಅದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ನಿಮ್ಹಾನ್ಸ್ ಅಧ್ಯಯನದಲ್ಲಿ ಮನೆಯ ಹೊಂದಾಣಿಕೆ ಬದಲಾಗದೇ ಉಳಿದದ್ದನ್ನು ನೋಡಿದರೆ, ಮನೆಯವರನ್ನು ಹೊರಗಿಟ್ಟು ಮಾಡುವ ಪಾಠ ಅರ್ಧ ದಾರಿಗೇ ನಿಲ್ಲುತ್ತದೆ ಎಂಬುದು ಗೊತ್ತಾಗುತ್ತದೆ.

ಕನ್ನಡ ಮನೆಯ ವಾರಾಂತ್ಯ

ಹಾಗಾದರೆ ಮನೆಯಲ್ಲಿ ಏನು ನಡೆಯುತ್ತಿದೆ? ಕೊಲ್ಲಿ ಪ್ರದೇಶದ ಕನ್ನಡ ಕುಟುಂಬಗಳದ್ದು ಕುತೂಹಲದ ಸ್ಥಿತಿ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಿಂದ ಇದೆ. ವಾರಾಂತ್ಯದ ಕನ್ನಡ ತರಗತಿಗಳಿವೆ, ಚಿನ್ಮಯ ಮಿಷನ್ನಿನ ಬಾಲವಿಹಾರವಿದೆ, ಸಂಗೀತ, ಭರತನಾಟ್ಯ, ಈಜು, ರೋಬೋಟಿಕ್ಸ್, ಡಿಬೇಟ್ ಇವೆ. ಪ್ರತಿಯೊಂದೂ ಒಳ್ಳೆಯದೇ. ಎಲ್ಲ ಸೇರಿ ಶನಿವಾರ, ಭಾನುವಾರ ಹಂಚಿಹೋಗಿ, ಮಗು ಕಾರಿನ ಹಿಂದಿನ ಸೀಟಿನಲ್ಲೇ ಚಪಾತಿ ರೋಲ್ ತಿಂದು ಮುಂದಿನ ಕ್ಲಾಸಿಗೆ ಇಳಿಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎಸ್‌ಎಟಿ ಅಂಕಗಳನ್ನು ಕೈಬಿಟ್ಟ ಮೇಲೆ ಪ್ರವೇಶದ ಪ್ರಬಂಧಗಳ ತೂಕ ಹೆಚ್ಚಿತೆಂಬ ಭಾವನೆ ಮನೆಮನೆಯಲ್ಲಿದೆ. ಆ ಪ್ರಬಂಧಗಳ ಪ್ರಶ್ನೆಗಳಲ್ಲಿ ಮೊದಲನೆಯದೇ ನಾಯಕತ್ವ. ಹೀಗಾಗಿ ನಾಯಕತ್ವದ ಬೇಸಿಗೆ ಶಿಬಿರ, ಸ್ವಯಂಸೇವೆಯ ಗಂಟೆಗಳ ಪ್ರಮಾಣಪತ್ರ ಎಲ್ಲವೂ ಅರ್ಜಿಯ ಸಾಮಗ್ರಿಯಾಗಿವೆ.

ಹತ್ತು ಕೌಶಲ್ಯಗಳಲ್ಲಿ ಮೊದಲನೆಯದು ನಿರ್ಧಾರ ತೆಗೆದುಕೊಳ್ಳುವುದು. ಈ ವೇಳಾಪಟ್ಟಿಯಲ್ಲಿ ಮಗು ತೆಗೆದುಕೊಂಡ ನಿರ್ಧಾರ ಎಷ್ಟಿವೆ? ಹದಿಮೂರರ ಹುಡುಗ ಒಂದು ಸಂಜೆ ‘ಅಪ್ಪಾ, ನಂಗೆ ರೋಬೋಟಿಕ್ಸ್ ಬೇಡ, ಬಿಟ್ಬಿಡ್ತೀನಿ’ ಎಂದರೆ, ಶಾಲೆಯ ಭಾಷೆಯಲ್ಲಿ ಅದು ತನ್ನ ಮನಸ್ಸನ್ನು ತಾನು ಅರಿತು ಸ್ಪಷ್ಟವಾಗಿ ಹೇಳಿದ ಮಾತು. ಮನೆಯ ಭಾಷೆಯಲ್ಲಿ ಅದಕ್ಕೆ ಸಿಗುವ ಉತ್ತರ ‘ಆರು ತಿಂಗಳ ಫೀಸು ಕಟ್ಟಿದೀವಿ, ಎದುರು ಮಾತಾಡಬೇಡ’. ತಂದೆಯ ಸಂಕಟವೂ ಸುಳ್ಳಲ್ಲ. ತಾನು ಹಾಸನದಲ್ಲೋ ಧಾರವಾಡದಲ್ಲೋ ಓದುವಾಗ ಸಿಗದ ಅವಕಾಶ ಮಗ ಕೈಬಿಡುತ್ತಿದ್ದಾನಲ್ಲ ಎಂಬ ಕಳವಳ ಅದು. ಆದರೆ ‘ಯಾಕೆ ಬೇಡ? ಬಿಟ್ಟರೆ ಆ ಸಮಯದಲ್ಲಿ ಏನು ಮಾಡ್ತೀಯ? ಈ ಸೀಸನ್ ಮುಗಿಸಿ ಬಿಡ್ತೀಯಾ, ಟೀಮಿನವರಿಗೆ ನೀನೇ ಹೇಳ್ತೀಯಾ?’ ಎಂದು ಕೇಳಿದರೆ ಆ ಹತ್ತರಲ್ಲಿ ನಾಲ್ಕು ಕೌಶಲ್ಯದ ಅಭ್ಯಾಸ ಊಟದ ಮೇಜಿನಲ್ಲೇ ಆಗುತ್ತದೆ.

ಒತ್ತಡದ ಬೆಲೆ ಏನೆಂಬುದು ಈ ಪ್ರದೇಶಕ್ಕೆ ಚೆನ್ನಾಗಿ ಗೊತ್ತಿದೆ. ಪಕ್ಕದ ಪಾಲೊ ಆಲ್ಟೊದಲ್ಲಿ 2009–10 ಮತ್ತು 2014–15ರಲ್ಲಿ ಹದಿಹರೆಯದವರ ಸಾಲು ಆತ್ಮಹತ್ಯೆಗಳಾದವು. 2016ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆಯೇ ಬಂದು ಅಧ್ಯಯನ ಮಾಡಿತು. ಇಂಥ ಸಾವಿಗೆ ಒಂದೇ ಕಾರಣ ಇರುವುದಿಲ್ಲ, ಓದಿನ ಒತ್ತಡವೊಂದೇ ಕಾರಣ ಎನ್ನುವುದೂ ಸರಿಯಲ್ಲ. ಆದರೂ ಸ್ಟ್ಯಾನ್‌ಫರ್ಡ್‌ನ ಡೆನಿಸ್ ಪೋಪ್ ಕಟ್ಟಿದ ಚಾಲೆಂಜ್ ಸಕ್ಸೆಸ್ ಸಂಸ್ಥೆ ಪಾಲಕರಿಗೆ ಹೇಳುವ ಮಾತು ಇಲ್ಲಿ ಸಲ್ಲುತ್ತದೆ: ಮಗುವಿಗೆ ದಿನವೂ ಆಟಕ್ಕೆ, ಬಿಡುವಿಗೆ, ಮನೆಯವರೊಡನೆ ಇರುವುದಕ್ಕೆ ಸಮಯ ಬೇಕು.

ಕಾಲುಸಂಕ ಕೇಳಿದ ಮಕ್ಕಳು

ನಿರ್ಧಾರವನ್ನು ಮಕ್ಕಳ ಕೈಗೆ ನಿಜವಾಗಿ ಕೊಟ್ಟ ಎರಡು ಪ್ರಯೋಗಗಳನ್ನು ಒಟ್ಟಿಗೆ ನೋಡುವುದು ಒಳ್ಳೆಯದು. 2000ದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆರಂಭವಾದ ಜಾನ್ ಗಾರ್ಡ್ನರ್ ಕೇಂದ್ರದ ಮೊದಲ ಸಂಗಾತಿ ಊರುಗಳಲ್ಲಿ ರೆಡ್‌ವುಡ್ ಸಿಟಿ ಒಂದು. ‘ಯೆಲ್’ ಎಂಬ ಅದರ ಕಾರ್ಯಕ್ರಮದಲ್ಲಿ ಮಿಡ್ಲ್ ಸ್ಕೂಲಿನ ಮಕ್ಕಳು ಸಂಶೋಧಕರಾದರು. ತಮ್ಮ ಶಾಲೆ, ತಮ್ಮ ಬೀದಿಯ ಬಗ್ಗೆ ಓರಗೆಯವರನ್ನು ಕೇಳಿ, ಮಾಹಿತಿ ಕಲೆಹಾಕಿ, ಕಂಡದ್ದನ್ನು ಊರಿನ ಹಿರಿಯರ ಮುಂದೆ ಮಂಡಿಸಿದರು.

ಉಡುಪಿ ಜಿಲ್ಲೆಯ ಕುಂದಾಪುರ ಸೀಮೆಯಲ್ಲಿ ಇದಕ್ಕಿಂತ ಮೊದಲೇ, 1990ರ ದಶಕದಲ್ಲಿ, ಮಕ್ಕಳ ಪಂಚಾಯಿತಿಗಳು ಹುಟ್ಟಿದ್ದವು. ದುಡಿಯುವ ಮಕ್ಕಳ ಭೀಮ ಸಂಘ ಮತ್ತು ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಅದರ ಬೆನ್ನಿಗಿದ್ದವು. ಮಕ್ಕಳೇ ಮತ ಹಾಕಿ ಸದಸ್ಯರನ್ನು ಆರಿಸಿದರು, ಊರಿನ ತೊಂದರೆಗಳ ಪಟ್ಟಿ ಮಾಡಿ ದೊಡ್ಡವರ ಪಂಚಾಯಿತಿಯ ಮುಂದಿಟ್ಟರು. ಮಳೆಗಾಲದಲ್ಲಿ ತೋಡು ದಾಟಲು ಕಾಲುಸಂಕ ಬೇಕು ಎಂಬುದು ಅಂಥ ಬೇಡಿಕೆಗಳಲ್ಲೊಂದು. ದೊಡ್ಡವರು ದಿನವೂ ದಾಟುವ ನೀರು ಏಳು ವರ್ಷದ ಮಗುವಿಗೆ ಎಷ್ಟು ಆಳ ಎಂಬುದು ಮಕ್ಕಳು ಹೇಳಿದ ಮೇಲೆಯೇ ಪಂಚಾಯಿತಿಯ ಕಿವಿಗೆ ಬಿತ್ತು. ಮುಂದೆ ಕರ್ನಾಟಕ ಸರ್ಕಾರ ಮಕ್ಕಳ ಗ್ರಾಮಸಭೆಯನ್ನು ಎಲ್ಲ ಪಂಚಾಯಿತಿಗಳಿಗೂ ವಿಸ್ತರಿಸಿತು. ಅದು ಹಲವು ಕಡೆ ವರ್ಷಕ್ಕೊಂದು ಶಾಸ್ತ್ರವಾಗಿ ಉಳಿದಿದೆ ಎಂಬುದೂ ನಿಜ. ಸಂವಹನ, ವಿಮರ್ಶೆ, ಸಮಸ್ಯೆ ಬಿಡಿಸುವುದು, ಪರರ ಕಷ್ಟ ಅರಿಯುವುದು ಎಲ್ಲವೂ ಆ ಕಾಲುಸಂಕದ ಅರ್ಜಿಯಲ್ಲಿವೆ. ಯಾರೂ ಅವರಿಗೆ ಹತ್ತರ ಪಟ್ಟಿ ಬಾಯಿಪಾಠ ಮಾಡಿಸಿರಲಿಲ್ಲ.

ಸೇರುವ ಮುನ್ನ ಕೇಳಬೇಕಾದ್ದು

ಇಷ್ಟನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ಕಾಣುವುದು ಇದು. ಯಾವ ಕೌಶಲ್ಯ ಎಂಬ ಚರ್ಚೆ ಮುಗಿದಿದೆ. ಫಲ ನಿಂತಿರುವುದು ಎರಡರ ಮೇಲೆ: ತಿಂಗಳುಗಟ್ಟಲೆ ಮಗುವಿನ ಜೊತೆ ನಿಲ್ಲುವ ಒಬ್ಬ ಹಿರಿಯರು, ಮತ್ತು ಮಗುವಿನ ಮಾತಿನಿಂದ ಏನಾದರೊಂದು ನಿಜವಾಗಿ ಬದಲಾಗುವ ಅವಕಾಶ. ಹಿರಿಯರಿಲ್ಲದ ಸಾಫ್ಟ್‌ವೇರ್, ಅವಕಾಶವಿಲ್ಲದ ಭಾಷಣ ಎರಡೂ ಸೋತದ್ದಕ್ಕೆ ಸಾಕಷ್ಟು ಪುರಾವೆಯಿದೆ.

ಆದ್ದರಿಂದ ರೆಡ್‌ವುಡ್ ಶೋರ್ಸಿನ ತಾಯಿಯಾಗಲಿ, ರಾಯಚೂರಿನ ಎಸ್‌ಡಿಎಂಸಿ ಸದಸ್ಯರಾಗಲಿ, ಇಂಥ ಕಾರ್ಯಕ್ರಮಕ್ಕೆ ಸಹಿ ಹಾಕುವ ಮುನ್ನ ಕೆಲವು ಪ್ರಶ್ನೆ ಕೇಳಬೇಕು. ನಡೆಸುವವರು ಯಾರು, ವರ್ಷವಿಡೀ ಅವರೇ ಇರುತ್ತಾರೆಯೇ? ಶಿಕ್ಷಕರೇ ಆದರೆ ಅವರ ಯಾವ ಕೆಲಸವನ್ನು ಇಳಿಸಿದ್ದೀರಿ? ಒಬ್ಬರಿಗೆ ಎಷ್ಟು ಮಕ್ಕಳು? ಸಂಕಟ ಹೇಳಿಕೊಂಡ ಮಗುವನ್ನು ಮುಂದೆ ಎಲ್ಲಿಗೆ, ಯಾರ ಬಳಿಗೆ ಕರೆದೊಯ್ಯುತ್ತೀರಿ? ತಂದೆತಾಯಿಯರನ್ನು ಎಷ್ಟು ಸಲ ಕರೆದು ಕೂರಿಸುತ್ತೀರಿ? ಕೊನೆಯದಾಗಿ, ಈ ವರ್ಷ ಶಾಲೆಯಲ್ಲಿ ಮಕ್ಕಳು ತೆಗೆದುಕೊಂಡ ಯಾವ ನಿರ್ಧಾರವನ್ನು ದೊಡ್ಡವರು ಜಾರಿಗೆ ತಂದಿದ್ದೀರಿ? ಮೂರು ದಿನದ ಶಿಬಿರದಲ್ಲಿ ವ್ಯಕ್ತಿತ್ವ ಬದಲಿಸುತ್ತೇವೆ ಎನ್ನುವವರ ಬಳಿ ಇವಕ್ಕೆ ಉತ್ತರ ಸಿಗುವುದು ಕಷ್ಟ.

ಕನ್ನಡ ಕೂಟಗಳಿಗೂ ಇಲ್ಲಿ ಒಂದು ಕೆಲಸವಿದೆ. ಯುಗಾದಿ ಅಥವಾ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಹೈಸ್ಕೂಲು ಮಕ್ಕಳಿಗೆ ನಿರೂಪಣೆಯ ಮೈಕು ಕೊಟ್ಟು, ಬರೆದುಕೊಟ್ಟ ಸಾಲು ಓದಿಸುವುದು ಈಗಿನ ರೂಢಿ. ಅದರ ಬದಲು ಸಂಜೆಯ ಒಂದು ಗಂಟೆಯನ್ನು, ಅದರ ಬಜೆಟ್ಟಿನ ಸಮೇತ, ಅವರಿಗೇ ಒಪ್ಪಿಸಬಹುದು. ಯಾರನ್ನು ಕರೆಯಬೇಕು, ಊಟದ ಆರ್ಡರ್ ಎಷ್ಟು, ಚಿಕ್ಕ ಮಕ್ಕಳ ನೃತ್ಯ ಉದ್ದವಾದರೆ ಅವರ ಅಮ್ಮಂದಿರಿಗೆ ಹೇಳುವವರು ಯಾರು, ಇವೆಲ್ಲ ಅವರೇ ತೀರ್ಮಾನಿಸಲಿ. ಒಬ್ಬ ಹಿರಿಯರು ಪಕ್ಕದಲ್ಲಿರಲಿ, ಕೇಳಿದಾಗ ಮಾತ್ರ ಬಾಯಿ ಬಿಡಲಿ. ಕಾರ್ಯಕ್ರಮ ಅರ್ಧ ಗಂಟೆ ತಡವಾಗಬಹುದು, ಊಟ ಕಡಿಮೆ ಬೀಳಬಹುದು. ಕಮಿಟಿಯವರು ಅಷ್ಟನ್ನು ಸಹಿಸಿಕೊಂಡರೆ, ಶಿಬಿರಕ್ಕೆ ಕಟ್ಟುವ ಫೀಸಿಗಿಂತ ಅಗ್ಗದಲ್ಲಿ ಅದಕ್ಕಿಂತ ಗಟ್ಟಿಯಾದ ಪಾಠ ಆಗುತ್ತದೆ.